ಮುನಿರತ್ನಮ್ಮ ಕೇಳಿದ್ದಕ್ಕೆ

ಮೊಮ್ಮಗನಿಗೊಂದು ಮೊಲ ತರಲೇ, ಒಳ್ಳೆಯದಾ,
ಎಂದು ನೀವು ಕೇಳಿದ್ದು ನಲ್ಲಿಯ ಸಾಲಿನಲ್ಲಿ.
ನನ್ನ ಬಿಂದಿಗೆ ತುಂಬಿತ್ತು, ಹಿಂದಿನವರ ಗೊಣಗು,
ಹೂಂ ಅಂದೆನೋ ಊಹೂಂ ಅಂದೆನೋ ನೆನಪಿಲ್ಲ.
ಈಗ ಹೇಳುತ್ತೇನೆ, ರತ್ನಮ್ಮ.

ಚಿಂತಾಮಣಿ ಸಂತೆಯಲ್ಲಿ ಮಾರುವವನು ಹೇಳಿದ್ದ:
ಬೊಗಳಲ್ಲ, ಕಚ್ಚಲ್ಲ, ಹಾಲು ಕೇಳಲ್ಲ,
ಮಗೂಗೆ ಇದಕ್ಕಿಂತ ಗೊಂಬೆ ಬೇಕಾ?
ಮೊದಲ ಮೂರರಲ್ಲಿ ಒಂದು ಸುಳ್ಳು.
ನಾಲ್ಕನೆಯದಂತೂ ಪೂರಾ.

ಕಡ್ಲೆಪುರಿ ಬಣ್ಣ, ಚರಿತ ಇಟ್ಟ ಹೆಸರೂ ಪುರಿ.
ತಂದ ದಿನವೇ ಎದೆಗವಚಿಕೊಂಡಳು.
ಅದು ಹಿಂಗಾಲು ಝಾಡಿಸಿ
ಮೊಣಕೈಯಿಂದ ಮಣಿಕಟ್ಟಿನವರೆಗೆ ಮೂರು ಗೆರೆ ಎಳೆದು
ಬೀರುವಿನ ಹಿಂದೆ ಸೇರಿತು.
ಗಾಯಕ್ಕಲ್ಲ ಅವಳು ಅತ್ತದ್ದು.
ನಾನೇನು ಮಾಡಿದೆ ಅದಕ್ಕೆ? ಅಂದಳು.
ಉತ್ತರ ಹುಡುಕಲು ನನಗೆ ಎರಡು ದಿನ ಹಿಡಿಯಿತು:
ಮೇಲಿಂದ ಇಳಿದು ಎತ್ತಿಕೊಳ್ಳುವ ಯಾವ ಕೈಯೂ, ಮಗಳೇ,
ಮೊಲದ ಲೆಕ್ಕದಲ್ಲಿ ಹದ್ದೇ.

ಅವರಪ್ಪ ಒಪ್ಪಲಿಲ್ಲ.
ಕೊಟ್ಟ ದುಡ್ಡಿಗೆ ಮಡಿಲಲ್ಲಿ ಕೂರಬೇಕು ಅಂತ ಅವರ ವಾದ.
ಅವರು ಹಿಡಿದ ಮೊಲಕ್ಕೆ ಮೂರೇ ಕಾಲು, ನಿಮಗೆ ಗೊತ್ತಲ್ಲ.
ನಮ್ಮದಕ್ಕೆ ನಾಲ್ಕಿತ್ತು. ನಾಲ್ಕೂ ಓಡಲಿಕ್ಕೇ.

ಸೊಪ್ಪಿಗೇನು ಬರ, ಶಿಡ್ಲಘಟ್ಟದಲ್ಲಿ?
ಅಣ್ಣನ ಹುಳುಮನೆಯಲ್ಲಿ ಮಿಕ್ಕ ಹಿಪ್ಪುನೇರಳೆಯೇ ಸೆರಗು ತುಂಬ.
ಔಷಧಿ ಹೊಡೆದಿರಬಾರದು, ಒದ್ದೆ ಇರಬಾರದು,
ರೇಷ್ಮೆಹುಳಕ್ಕೆ ಎಷ್ಟು ನೇಮವೋ ಅಷ್ಟೇ ಇದಕ್ಕೂ.
ಆದರೆ ಒಂದು ತಿಂಗಳು ನನ್ನ ಕೈಯಿಂದ ತಿನ್ನಲಿಲ್ಲ.
ಹಗಲೆಲ್ಲ ಬಿಸಿನೀರಲ್ಲಿ ಗೂಡು ತಿರುವಿ ಎಳೆ ಹುಡುಕುವ ಬೆರಳು,
ಎಷ್ಟು ಸೋಪು ಹಾಕಿದರೂ ಬೆಂದ ಹುಳುವಿನ ವಾಸನೆ.
ಅದಕ್ಕೆ ಗೊತ್ತಾಗಿತ್ತು.

ಕಡಿದು ಹಾಕಿದ್ದು ಚಾರ್ಜರ್ ವೈರು ಎರಡು,
ನನ್ನ ಹೊಸ ಚಪ್ಪಲಿಯಲ್ಲಿ ಎಡಗಾಲಿನದು ಮಾತ್ರ,
ಯಾರದೋ ಲಗ್ನಪತ್ರಿಕೆ, ಮುಹೂರ್ತದ ಸಮಯ ಸಮೇತ.
ಹಿಕ್ಕೆ ಗುಡಿಸುವುದು ಅವಳ ಕೆಲಸ ಎಂದು ಮಾತಾಗಿತ್ತು.
ಗುಡಿಸುವವಳು ನಾನು. ಇದನ್ನು ಮೊದಲೇ ತಿಳಿದಿರಿ.

ಅಷ್ಟರಲ್ಲಿ ಅವಳೇ ಒಂದು ದಾರಿ ಕಂಡುಕೊಂಡಳು:
ನೆಲದ ಮೇಲೆ ಬೋರಲು ಮಲಗಿ, ಮಗ್ಗಿ ಬರೆಯುತ್ತಾ,
ಅದನ್ನು ನೋಡದೆ ಇರುವುದು.
ಹದಿಮೂರರ ಮಗ್ಗಿ ಮುಗಿಯುವಷ್ಟರಲ್ಲಿ
ಹಿಮ್ಮಡಿಗೆ ಒಂದು ತಣ್ಣನೆಯ ಮೂಗು.
ಕೂತಲ್ಲಿ ಕೂರದ ಹುಡುಗಿ ಉಸಿರು ಬಿಗಿಹಿಡಿದು
ಹದಿನಾಲ್ಕರದ್ದೂ ಬರೆದಳು, ಅವತ್ತು.

ಇನ್ನೊಂದು ಇದೆ. ಹೇಳಬೇಕೋ ಬೇಡವೋ.
ಮಾರ್ಕೆಟ್ಟಿನಲ್ಲಿ ಗೂಡಿನ ರೇಟು ಏರಿದ ದಿನ
ಇವರ ದನಿಯೂ ಏರುತ್ತದೆ. ನಿಮ್ಮ ಗೋಡೆಗೂ ಕೇಳುತ್ತದೆ,
ಕೇಳಿಸಲಿಲ್ಲ ಎಂಬಂತೆ ಇರುತ್ತೀರಿ ನೀವು, ಪುಣ್ಯ.
ಮೊನ್ನೆ ಶುರುವಾಗಿ, ತಟ್ಟೆ ದೂಡುವವರೆಗೆ ಬಂತು.
ಮಂಚದಡಿಯಿಂದ ಧಪ್.
ಪುರಿ ಹಿಂಗಾಲಲ್ಲಿ ನೆಲ ಬಡಿದದ್ದು.
ಅಪಾಯ, ಎಲ್ಲರೂ ಬಿಲ ಸೇರಿ, ಎಂದು ಅದರ ಭಾಷೆಯಲ್ಲಿ.
ಇವರು ನಿಲ್ಲಿಸಲಿಲ್ಲ.
ಮತ್ತೆ ಧಪ್.
ಈ ಸಲ ಮೊಲವಲ್ಲ.
ಚರಿತ, ಗೋಡೆಗೊರಗಿ, ಮುಖ ಪುಸ್ತಕದೊಳಗಿಟ್ಟು,
ಹಿಮ್ಮಡಿಯಿಂದ.

ಇವರು ಅವಳ ಕಾಲನ್ನೇ ನೋಡಿದರು, ತುಂಬ ಹೊತ್ತು.
ಆಮೇಲೆ ತಟ್ಟೆ ಎಳೆದುಕೊಂಡು ಮುದ್ದೆ ಮುರಿದರು.

ಒಳ್ಳೆಯದಾ ಅಂದರೆ ಏನು ಹೇಳಲಿ, ರತ್ನಮ್ಮ.
ತರುವುದಾದರೆ ಎರಡು ತನ್ನಿ, ಒಂಟಿ ಮೊಲ ಸೊರಗುತ್ತದೆ.
ಎರಡೂ ಹೆಣ್ಣೇ ಇರಲಿ, ಬಾಲ ಎತ್ತಿ ನೋಡಿಯೇ ತನ್ನಿ,
ಮಾರುವವನ ಮಾತು ನಂಬಬೇಡಿ.
ನಾಳೆ ನೀರು ಬಂದರೆ ನನ್ನ ಬಿಂದಿಗೆಯನ್ನೂ ಸಾಲಲ್ಲಿಡಿ,
ಬೆಳಿಗ್ಗೆ ಹೊತ್ತು ನನಗೆ ಸೊಪ್ಪು ಒರೆಸುವುದಿರುತ್ತದೆ.